‘ಸ್ಲೈಡ್ ಹೊಲಸಾಗೇತ್ರಿ, ಮೇಡಂ’

ನನ್ನ ಹತ್ತಿರ ಸಾಗವಾನಿಯ ಒಂದು ಸ್ಲೈಡ್ ಪೆಟ್ಟಿಗೆ ಇದೆ. ಪೆಥಾಲಜಿ ವಿಭಾಗದಿಂದ ನಿವೃತ್ತಳಾದ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ನಾನು ಬಾಯಿಬಿಟ್ಟು ಕೇಳಿ ತಂದದ್ದು ಈ ಪೆಟ್ಟಿಗೆಯೊಂದನ್ನೇ. ಅದರಲ್ಲಿ ಇಲಿಯ ಯಕೃತ್ತಿನ ಸ್ಲೈಡ್ ಒಂದಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಲ್ಯಾಬಿನ ಹಿರಿಯ ಅಟೆಂಡರ್ ಮಾಡಿಕೊಟ್ಟದ್ದು. ಇಲಿಯ ಬಾಲದ ರಕ್ತನಾಳಕ್ಕೆ ತೆಳುಮಾಡಿದ ಇಂಡಿಯನ್ ಇಂಕ್, ಅಂದರೆ ಚಿತ್ರ ಬಿಡಿಸುವ ಕಪ್ಪು ಶಾಯಿ, ಚುಚ್ಚಿದ್ದರು. ಸ್ವಲ್ಪ ಹೊತ್ತು ಬಿಟ್ಟು ಯಕೃತ್ತನ್ನು ತೆಗೆದು, ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹೂತು, ಕೂದಲೆಳೆಗಿಂತ ತೆಳ್ಳಗೆ ಕೊಯ್ದು, ಗುಲಾಬಿ-ನೀಲಿ ಬಣ್ಣ ಹಾಕಿ ಗಾಜಿಗೆ ಅಂಟಿಸಿದ್ದರು.

ಪ್ರತಿ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಮೈಕ್ರೋಸ್ಕೋಪಿನಿಂದ ತಲೆ ಎತ್ತಿ ಅದೇ ಮಾತು ಹೇಳುತ್ತಿದ್ದ: “ಮೇಡಂ, ಈ ಸ್ಲೈಡ್ ಹೊಲಸಾಗೇತ್ರಿ. ಕರೀ ಧೂಳ ಕುಂತೇತಿ.”

“ಧೂಳಲ್ಲಪಾ, ಧೂಳ ಬಳಿಯಾಂವ ಅಂವ. ಇನ್ನೊಮ್ಮೆ ನೋಡು.”

ಇನ್ನೊಮ್ಮೆ ನೋಡಿದರೆ ಕಾಣುತ್ತದೆ. ಗುಲಾಬಿ ಬಣ್ಣದ ದೊಡ್ಡ ಕೋಶಗಳು ಇಟ್ಟಿಗೆ ಸಾಲಿನಂತೆ ಕೂತಿವೆ. ಯಕೃತ್ತಿನ ಅಸಲಿ ಕೆಲಸಗಾರರು ಅವು, ಅವುಗಳ ಮೈಯಲ್ಲಿ ಶಾಯಿಯ ಹನಿಯೂ ಇಲ್ಲ. ಸಾಲುಗಳ ನಡುವೆ ರಕ್ತ ಹರಿಯುವ ಸಣ್ಣ ಓಣಿಗಳಿವೆ. ಆ ಓಣಿಯ ಗೋಡೆಗೆ ಆತು, ಕೈಕಾಲು ಚಾಚಿ ಕೂತ ಬೇರೊಂದು ಜಾತಿಯ ಕೋಶದ ಹೊಟ್ಟೆಯಲ್ಲಿ ಮಾತ್ರ ಕಪ್ಪು ತುಂಬಿದೆ. ಶಾಯಿ ಇಲಿಯ ಮೈಯೆಲ್ಲ ಸುತ್ತಲು ಹೊರಟಿತ್ತು, ಇವು ದಾರಿಯಲ್ಲೇ ಹಿಡಿದು ನುಂಗಿದವು. ಇವೇ ಕುಪ್ಫರ್ ಕೋಶಗಳು.

“ಕಸ ಗುಡಿಸುವ ಕೋಶಗಳು, ಬರೆದುಕೊಳ್ಳಿ” ಎಂದು ಹೇಳಿ ನಾನು ಮುಂದಿನ ಸ್ಲೈಡಿಗೆ ಹೋಗುತ್ತಿದ್ದೆ. ಎಷ್ಟೋ ವರ್ಷ ಹಾಗೆಯೇ ಪಾಠ ಮಾಡಿದೆ. ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ಉಳಿದರ್ಧ ನನಗೆ ನಾಟಿದ್ದು ನಮ್ಮ ಮನೆಯಲ್ಲೇ ಒಂದು ಪ್ರಸಂಗ ನಡೆದ ಮೇಲೆ.

ಒಂದೇ ಮಾತ್ರೆ, ಎರಡು ಮೈ

ಧಾರವಾಡದ ಹತ್ತಿರದ ಹಳ್ಳಿಯಲ್ಲಿರುವ ನಮ್ಮಣ್ಣನಿಗೆ ಕ್ಷಯ ಆಯಿತು. ಅವನ ಕೆಮ್ಮು ನಿಲ್ಲುತ್ತ ಬಂತು ಅನ್ನುವಷ್ಟರಲ್ಲಿ ವೈನಿಗೂ, ಅಂದರೆ ಅತ್ತಿಗೆಗೂ, ಅಂಟಿತು. ಇಬ್ಬರಿಗೂ ಅವೇ ಔಷಧಗಳು: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ತೂಕಕ್ಕೆ ತಕ್ಕ ಅಳತೆ. ಅಣ್ಣ ಆರು ತಿಂಗಳ ಕೋರ್ಸು ಮುಗಿಸಿ ಹೊಲಕ್ಕೆ ಹೋಗತೊಡಗಿದ. ವೈನಿಗೆ ಐದನೆಯ ವಾರ ಊಟ ಸೇರದಾಯಿತು, ಒಗ್ಗರಣೆ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಮಾತ್ರೆ ಕೊಡುತ್ತಿದ್ದ ಕಡೆ ಹೇಳಿದಾಗ, “ಪಿತ್ತ ಆಗಿರಬೇಕು, ಲಿಂಬಿಹಣ್ಣಿನ ಶರಬತ್ ಕುಡೀರಿ, ಗುಳಿಗಿ ಮಾತ್ರ ಬಿಡಬ್ಯಾಡ್ರಿ” ಅಂದರಂತೆ. ವೈನಿ ಬಿಡಲಿಲ್ಲ. ಹತ್ತು ದಿನ ಕಳೆದು ನನ್ನ ಮನೆಗೆ ಬಂದಾಗ ಅವರ ಕಣ್ಣಿನ ಬಿಳಿ ಭಾಗ ಅರಿಸಿನ ನೀರಿನಂತಾಗಿತ್ತು. ಎಸ್‌ಜಿಪಿಟಿ ಎಂಬ ಯಕೃತ್ತಿನ ಪರೀಕ್ಷೆಯ ಅಂಕಿ ಇರಬೇಕಾದ ಮಿತಿಯ ಹದಿನೈದು ಪಟ್ಟು ದಾಟಿತ್ತು.

ಔಷಧ ನಿಲ್ಲಿಸಿದರು. ಯಕೃತ್ತು ಸುಧಾರಿಸಿದ ಮೇಲೆ ಒಂದೊಂದೇ ಔಷಧವನ್ನು ಕಡಿಮೆ ಅಳತೆಯಿಂದ ಮತ್ತೆ ಶುರು ಮಾಡಿ, ಆಗಿಬರದ್ದನ್ನು ಬಿಟ್ಟು ಚಿಕಿತ್ಸೆ ಮುಗಿಸಿದರು. ವೈನಿ ಈಗ ಗಟ್ಟಿಯಾಗಿದ್ದಾರೆ. ಆದರೆ ಆಸ್ಪತ್ರೆಯ ಮಂಚದ ಮೇಲೆ ಕೂತು ಅವರು ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ: “ಅದ ಗುಳಿಗಿ ನಿಮ್ಮಣ್ಣಾರೂ ನುಂಗ್ಯಾರ. ಅವರಿಗೆ ಆಗಲಾರದ್ದು ನನಗ್ಯಾಕ ಆತು?”

ಔಷಧವಾಗಲಿ ವಿಷವಾಗಲಿ, ಎಷ್ಟು ಹೊಟ್ಟೆಗೆ ಹೋಯಿತು ಎನ್ನುವುದರ ಮೇಲೆ ಅಪಾಯ ನಿಂತಿದೆ ಎಂದು ನಾವೆಲ್ಲ ಕಲಿತಿದ್ದೇವೆ. ಅದು ಸರಿ. ಆದರೆ ವಿಷ ಬಂದ ಹೊತ್ತಿಗೆ ಯಕೃತ್ತಿನ ಕಾವಲುಗಾರರು ಯಾವ ಮನಸ್ಥಿತಿಯಲ್ಲಿದ್ದರು ಎಂಬುದೂ ಅಷ್ಟೇ ಮುಖ್ಯ. ವೈನಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಮತ್ತೆ ಆ ಕಪ್ಪು ಚುಕ್ಕೆಯ ಸ್ಲೈಡಿಗೇ ಬಂದೆ.

ಸುಂಕದಕಟ್ಟೆ

ಹೊಟ್ಟೆ, ಕರುಳುಗಳಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ಅಭಿಧಮನಿ ಎಂಬ ಒಂದೇ ಹೆದ್ದಾರಿಯಲ್ಲಿ ಸೇರಿ ಮೊದಲು ಯಕೃತ್ತಿಗೆ ಬರುತ್ತದೆ. ಹಿಂದಿನ ಕಾಲದಲ್ಲಿ ಊರ ಬಾಗಿಲಲ್ಲಿ ಬಂಡಿ ನಿಲ್ಲಿಸಿ ಸರಕು ಬಿಚ್ಚಿ ನೋಡುತ್ತಿದ್ದ ಸುಂಕದಕಟ್ಟೆ ಇದ್ದಂತೆ. ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗದೊಳಗೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬಂದದ್ದು. ನಾವು ತಿಂದ ಅನ್ನದ ಸಕ್ಕರೆ, ನುಂಗಿದ ಮಾತ್ರೆ, ಕುಡಿದ ಹೆಂಡ, ತರಕಾರಿಗೆ ಅಂಟಿದ್ದ ಕೀಟನಾಶಕ, ಕರುಳಿನ ಬ್ಯಾಕ್ಟೀರಿಯಾಗಳ ಚೂರುಪಾರು, ಎಲ್ಲವೂ ಈ ಕಟ್ಟೆ ದಾಟಿಯೇ ಮೈಗೆ ಹೋಗಬೇಕು.

ಒಳಗಿನ ಓಣಿಗಳು ಬಲು ಕಿರಿದು. ರಕ್ತ ಅಲ್ಲಿ ನಿಧಾನವಾಗಿ ತೆವಳುತ್ತದೆ. ಆ ನಿಧಾನದಲ್ಲೇ ತಪಾಸಣೆ ನಡೆಯುತ್ತದೆ. ದೇಹದ ಅಂಗಾಂಶಗಳಲ್ಲಿ ನೆಲೆನಿಂತ, ಕುಪ್ಫರ್ ಕೋಶಗಳಂಥ ಭಕ್ಷಕ ಕೋಶಗಳಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತು ಇರುವುದು ಯಕೃತ್ತಿನಲ್ಲೇ. ಅವುಗಳ ಜೊತೆಗೆ ‘ನ್ಯಾಚುರಲ್ ಕಿಲ್ಲರ್’ ಎಂಬ ಹಂತಕ ಕೋಶಗಳು, ಹಲವು ಬಗೆಯ ಟಿ-ಕೋಶಗಳು ಗಸ್ತು ತಿರುಗುತ್ತಿರುತ್ತವೆ. ಯಕೃತ್ತು ಅಂದರೆ ಜೀರ್ಣಾಂಗದ ಗ್ರಂಥಿ ಎಂದು ಶಾಲೆಯಲ್ಲಿ ಓದಿದ್ದೇವೆ. ರೋಗನಿರೋಧಕ ವ್ಯವಸ್ಥೆಯ ಒಂದು ದೊಡ್ಡ ಠಾಣೆ ಎಂದೂ ಸೇರಿಸಿ ಓದಬೇಕು.

ಈ ಠಾಣೆಯ ವಿಶೇಷ ಅದರ ತಾಳ್ಮೆ. ದಿನವೂ ಊಟದ ಜೊತೆ ಬರುವ ಹೊರಗಿನ ಪದಾರ್ಥಗಳಿಗೆಲ್ಲ ಕಾವಲುಗಾರರು ಲಾಠಿ ಎತ್ತಿದರೆ ಯಕೃತ್ತು ಒಂದು ವಾರ ಬಾಳುವುದಿಲ್ಲ. ಹಾಗಾಗಿ ಇಲ್ಲಿನ ಕೋಶಗಳು ಸಣ್ಣಪುಟ್ಟದ್ದನ್ನು ನೋಡಿಯೂ ನೋಡದಂತಿರಲು ಪಳಗಿವೆ. 1969ರಲ್ಲಿ ಕೇಂಬ್ರಿಜ್‌ನ ಶಸ್ತ್ರಚಿಕಿತ್ಸಕ ರಾಯ್ ಕಾನ್ ಮತ್ತು ಸಂಗಡಿಗರು ಒಂದು ಹಂದಿಯ ಯಕೃತ್ತನ್ನು ಇನ್ನೊಂದಕ್ಕೆ ಕಸಿ ಮಾಡಿದಾಗ, ನಿರೋಧಶಕ್ತಿ ಕುಗ್ಗಿಸುವ ಔಷಧವಿಲ್ಲದೆಯೂ ಹಲವು ಹಂದಿಗಳ ಮೈ ಅದನ್ನು ಒಪ್ಪಿಕೊಂಡಿತು. ಬೇರೆ ಅಂಗಗಳು ಅಷ್ಟು ಸುಲಭಕ್ಕೆ ಕೂಡಿಕೊಳ್ಳುವುದಿಲ್ಲ. ಯಕೃತ್ತಿನ ಸಹನೆಯ ಸುದ್ದಿ ಜಗತ್ತಿಗೆ ತಿಳಿದದ್ದು ಹಾಗೆ.

ಕುಪ್ಫರ್ ಕೋಶಗಳ ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಜರ್ಮನ್ ಅಂಗರಚನಾಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಫಾನ್ ಕುಪ್ಫರ್ 1876ರಲ್ಲಿ ಯಕೃತ್ತಿನ ಕೊಯ್ತಕ್ಕೆ ಚಿನ್ನದ ಕ್ಲೋರೈಡ್ ಹಾಕಿ, ನಕ್ಷತ್ರದ ಆಕಾರದ ಕೋಶಗಳನ್ನು ಕಂಡ. ಮುಂದೆ, 1898ರ ಹೊತ್ತಿಗೆ, ಶಾಯಿ-ಕಸ ನುಂಗುವ ಕೋಶಗಳೂ ಅವೇ ಎಂದು ತಿಳಿದ. ಅದೇ ಸುಮಾರಿಗೆ ಪೋಲೆಂಡಿನ ಕ್ರಾಕೋವ್‌ನಲ್ಲಿ ತದೇವುಷ್ ಬ್ರೋವಿಚ್ ಈ ನುಂಗುವ ಕೋಶಗಳನ್ನು ಸರಿಯಾಗಿ ಗುರುತಿಸಿದ್ದ. 1971ರಲ್ಲಿ ಜಪಾನಿನ ಕೆಂಜಿರೊ ವಾಕೆ ಹಳೆಯ ವಿಧಾನವನ್ನೇ ಮತ್ತೆ ಮಾಡಿ ನೋಡಿದಾಗ ಗೊತ್ತಾದದ್ದು ಇದು: ಕುಪ್ಫರ್ ಚಿನ್ನ ಹಾಕಿ ಕಂಡದ್ದು ಎ ಜೀವಸತ್ವವನ್ನು ಕೂಡಿಡುವ ಬೇರೆಯದೇ ಕೋಶ. ಹೀಗೆ, ಕುಪ್ಫರ್ ಮೊದಲು ನೋಡದೇ ಇದ್ದ ಕೋಶಕ್ಕೆ ಕುಪ್ಫರ್ ಹೆಸರು ಉಳಿದುಕೊಂಡಿದೆ. ಸ್ಲೈಡನ್ನು ಹೊಲಸು ಎಂದ ನನ್ನ ವಿದ್ಯಾರ್ಥಿಗಳನ್ನು ನಾನು ಯಾಕೆ ಬಯ್ಯುತ್ತಿರಲಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಜ್ವರದ ಮಾತ್ರೆ ಹೇಳುವ ಪಾಠ

ಯಕೃತ್ತಿನಲ್ಲಿ ವಿಷ ಹೇಗೆ ಕೆಲಸ ಮಾಡುತ್ತದೆಂದು ಅತಿ ಚೆನ್ನಾಗಿ ತಿಳಿದದ್ದು ನಮ್ಮೆಲ್ಲರ ಮನೆಯ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್‌ನಿಂದ. ಕ್ರೋಸಿನ್, ಡೋಲೋ ಎಂದು ನಾವು ಕರೆಯುವ ಮಾತ್ರೆಗಳಲ್ಲಿರುವುದು ಅದೇ. ಸರಿಯಾದ ಅಳತೆಯಲ್ಲಿ ಅದರಷ್ಟು ನಿರಪಾಯದ ಔಷಧ ಕಡಿಮೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ನಾಲ್ಕು ಗ್ರಾಂ ಕೊನೆಯ ಗಡಿ; 650 ಮಿಲಿಗ್ರಾಂನ ಮಾತ್ರೆಯಾದರೆ ಆರಕ್ಕೆ ಹೆಚ್ಚುಕಡಿಮೆ ಗಡಿ ಮುಟ್ಟಿತು. ಅತಿಯಾದರೆ ಯಕೃತ್ತು ಸಾಯುತ್ತದೆಂಬ ವರದಿ ಮೊದಲು ಬಂದದ್ದು 1966ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ.

1973ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಿಚೆಲ್, ಜೋಲೋ, ಬ್ರೋಡಿ ಮತ್ತು ಸಂಗಡಿಗರು ಅದರ ಒಳಗುಟ್ಟು ಬಿಡಿಸಿದರು. ಪ್ಯಾರಾಸಿಟಮಾಲ್ ತಾನಾಗಿ ವಿಷವಲ್ಲ. ಯಕೃತ್ತಿನ ಕೋಶ ಅದನ್ನು ಹೊರಹಾಕಲು ಒಡೆಯುವಾಗ ಒಂದು ಸಣ್ಣ ಪಾಲು ಬಲು ತಂಟೆಕೋರ ಪದಾರ್ಥವಾಗಿ ಮಾರ್ಪಡುತ್ತದೆ. ಕೋಶದೊಳಗೆ ಗ್ಲುಟಾಥಯೋನ್ ಎಂಬ ರಕ್ಷಕ ದ್ರವ್ಯ ಇರುತ್ತದೆ, ಅದು ಈ ತಂಟೆಕೋರನನ್ನು ಅಪ್ಪಿಹಿಡಿದು ಹೊರದಬ್ಬುತ್ತದೆ. ಮಾತ್ರೆ ಅತಿಯಾಗಿ ಗ್ಲುಟಾಥಯೋನ್ ದಾಸ್ತಾನು ಮುಕ್ಕಾಲು ಪಾಲು ಬರಿದಾಯಿತೋ, ತಂಟೆಕೋರ ಕೋಶದ ಪ್ರೋಟೀನುಗಳಿಗೇ ಅಂಟಿಕೊಳ್ಳುತ್ತಾನೆ, ಕೋಶ ಸಾಯತೊಡಗುತ್ತದೆ. ಈ ತಿಳಿವಳಿಕೆಯಿಂದಲೇ ಮದ್ದು ಹುಟ್ಟಿತು. ಗ್ಲುಟಾಥಯೋನ್ ತಯಾರಿಕೆಗೆ ಕಚ್ಚಾ ಸಾಮಗ್ರಿ ಒದಗಿಸುವ ಎನ್-ಅಸಿಟೈಲ್‌ಸಿಸ್ಟೀನ್ ಅನ್ನು ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ 1977ರಲ್ಲಿ ರಕ್ತನಾಳದ ಮೂಲಕ ಕೊಟ್ಟು ಯಶಸ್ವಿಯಾದರು. ಎಂಟು ಗಂಟೆಯೊಳಗೆ ಕೊಟ್ಟರೆ ಯಕೃತ್ತು ಬಹುಪಾಲು ಉಳಿಯುತ್ತದೆ.

ಇಲ್ಲಿಯವರೆಗಿನ ಕಥೆಯಲ್ಲಿ ಕಾವಲುಗಾರರ ಸುಳಿವೇ ಇಲ್ಲ, ಇದೆಲ್ಲ ರಸಾಯನಶಾಸ್ತ್ರ. ನಾನೂ ಪಾಠವನ್ನು ಇಲ್ಲಿಗೇ ಮುಗಿಸುತ್ತಿದ್ದೆ. ಆದರೆ ವಿಷದ ರಾಸಾಯನಿಕ ಕೆಲಸ ಬಹುಮಟ್ಟಿಗೆ ಮೊದಲ ದಿನವೇ ಮುಗಿಯುತ್ತದೆ; ರೋಗಿಯ ಸ್ಥಿತಿ ಅತಿ ಕೆಡುವುದು ಮೂರನೆಯ, ನಾಲ್ಕನೆಯ ದಿನ. ನಡುವಿನ ಎರಡು ದಿನ ಯಕೃತ್ತಿನೊಳಗೆ ಏನು ನಡೆಯುತ್ತಿರುತ್ತದೆ?

ಸಾಯುವ ಕೋಶ ಸುಮ್ಮನೆ ಸಾಯುವುದಿಲ್ಲ. ಒಡೆದು ತನ್ನೊಳಗಿನ ಸಾಮಾನನ್ನೆಲ್ಲ ಓಣಿಗೆ ಚೆಲ್ಲುತ್ತದೆ. ಒಳಗೇ ಇರಬೇಕಾದ ವಸ್ತು ಬೀದಿಯಲ್ಲಿ ಬಿದ್ದದ್ದು ಕಂಡರೆ ಕುಪ್ಫರ್ ಕೋಶಕ್ಕೆ ಅದೇ ಕೂಗು, ಅದೇ ಗಂಟೆ. 1994ರಲ್ಲಿ ವಿಜ್ಞಾನಿ ಪಾಲಿ ಮ್ಯಾಟ್ಸಿಂಗರ್ ಮಂಡಿಸಿದ ‘ಅಪಾಯದ ಸಿದ್ಧಾಂತ’ದ ತಿರುಳೂ ಇದೇ: ನಿರೋಧಕ ವ್ಯವಸ್ಥೆ ನೋಡುವುದು ಬಂದವನು ಪರಕೀಯನೋ ಸ್ವಂತದವನೋ ಎಂದಷ್ಟೇ ಅಲ್ಲ, ಮನೆಯಲ್ಲಿ ಅನಾಹುತ ಆಗಿದೆಯೋ ಇಲ್ಲವೋ ಎಂದು. ರೋಗಾಣು ಒಂದೂ ಇಲ್ಲದಿದ್ದರೂ ಉರಿಯೂತ ಹೊತ್ತಿಕೊಳ್ಳುವುದು ಹೀಗೆ.

ಗಂಟೆ ಕೇಳಿದ ಕುಪ್ಫರ್ ಕೋಶ ಟಿಎನ್‌ಎಫ್, ಇಂಟರ್‌ಲ್ಯೂಕಿನ್ ಮುಂತಾದ ಸಂದೇಶ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ನೈಟ್ರಿಕ್ ಆಕ್ಸೈಡ್, ಉರಿ ಹಚ್ಚುವ ಆಮ್ಲಜನಕದ ರೂಪಗಳು ಹೊರಬೀಳುತ್ತವೆ. ಸಂದೇಶ ಕೇಳಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಓಡಿಬರುತ್ತವೆ, ಅವುಗಳ ಹಿಂದೆ ಮೂಳೆಮಜ್ಜೆಯಿಂದ ಮೋನೋಸೈಟುಗಳ ಪಡೆ. ಬೆಂಕಿ ಆರಿಸಲು ಬಂದ ಜನ ಪಕ್ಕದ ಗುಡಿಸಲನ್ನೂ ತುಳಿದು ಹಾಕಬಹುದು.

ಎರಡು ಪ್ರಯೋಗ, ಎರಡು ತೀರ್ಪು

ಹಾಗಾದರೆ ಈ ಕಾವಲುಗಾರರನ್ನೇ ಸುಮ್ಮನಾಗಿಸಿ ವಿಷ ಕೊಟ್ಟರೆ? ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡವರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಡೆಬ್ರಾ ಲಾಸ್ಕಿನ್ ಒಬ್ಬರು. ಗ್ಯಾಡೊಲಿನಿಯಂ ಕ್ಲೋರೈಡ್ ಎಂಬ ಲವಣವನ್ನು ಇಲಿಗೆ ಚುಚ್ಚಿದರೆ ಕುಪ್ಫರ್ ಕೋಶಗಳು ಅದನ್ನು ನುಂಗಿ ಮಂಕಾಗುತ್ತವೆ. ಹಾಗೆ ಮಂಕಾಗಿಸಿದ ಇಲಿಗಳಿಗೆ ಅತಿ ಅಳತೆಯ ಪ್ಯಾರಾಸಿಟಮಾಲ್ ಕೊಟ್ಟಾಗ ಯಕೃತ್ತಿಗೆ ಆಗಬೇಕಾಗಿದ್ದ ಹಾನಿ ಆಗಲಿಲ್ಲ ಎಂದು ಅವರ ತಂಡ 1995ರಲ್ಲಿ ಪ್ರಕಟಿಸಿತು. ಹಳೆಯ ಕಾಲದಲ್ಲಿ ಡ್ರೈಕ್ಲೀನಿಂಗಿಗೆ ಬಳಸುತ್ತಿದ್ದ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ದ್ರಾವಕದ ವಿಷಯದಲ್ಲೂ ಇಂಥದ್ದೇ ಫಲ ಬಂದಿತ್ತು. ಕಾವಲುಗಾರನೇ ಕಳ್ಳ ಎಂಬ ತೀರ್ಪು ಹೊರಬಿದ್ದಂತೆ ಆಯಿತು.

ಏಳು ವರ್ಷದ ನಂತರ, 2002ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಲ್ಯಾನ್ಸ್ ಪೋಲ್, ಸಿಂಥಿಯಾ ಜು ಮತ್ತು ಜೊತೆಗಾರರು ಇದನ್ನೇ ಬೇರೆ ದಾರಿಯಲ್ಲಿ ಮಾಡಿದರು. ಕ್ಲೋಡ್ರೊನೇಟ್ ಎಂಬ ಔಷಧವನ್ನು ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿ ಕೊಟ್ಟರೆ ಭಕ್ಷಕ ಕೋಶ ಆಸೆಯಿಂದ ನುಂಗಿ ಸತ್ತೇ ಹೋಗುತ್ತದೆ. ಹೀಗೆ ಕುಪ್ಫರ್ ಕೋಶಗಳನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಹಾಕಿದ ಚಿಟ್ಟಿಲಿಗಳಲ್ಲಿ (ಮೌಸ್) ಪ್ಯಾರಾಸಿಟಮಾಲ್ ಹಾನಿ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು! ಉರಿಯನ್ನು ತಣಿಸುವ ಇಂಟರ್‌ಲ್ಯೂಕಿನ್-10ರಂಥ ಸಂದೇಶಗಳೂ ಅವುಗಳಲ್ಲಿ ತಗ್ಗಿದ್ದವು. ಈಗ ತೀರ್ಪು ತಿರುಗಿಬಿತ್ತು: ಕಳ್ಳನಲ್ಲ, ಕಾಯುವವನೇ.

ಮೊದಲ ಬಾರಿ ಈ ಎರಡು ಲೇಖನಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ಒಬ್ಬರು ತಪ್ಪು ಮಾಡಿರಬೇಕು ಎನಿಸಿತು. ಆಮೇಲೆ ಹೊಳೆದದ್ದು, ಕೇಳಿದ ಪ್ರಶ್ನೆಗಳೇ ಬೇರೆ. ಒಂದರಲ್ಲಿ ಇಲಿ, ಇನ್ನೊಂದರಲ್ಲಿ ಚಿಟ್ಟಿಲಿ. ಗ್ಯಾಡೊಲಿನಿಯಂ ಕಾವಲುಗಾರನ ಬಾಯಿಗೆ ಬಟ್ಟೆ ತುರುಕುತ್ತದೆ. ಕ್ಲೋಡ್ರೊನೇಟ್ ಅವನನ್ನು ಠಾಣೆಯಿಂದಲೇ ಎತ್ತಿಬಿಡುತ್ತದೆ. ಬಾಯಿಕಟ್ಟಿದವನು ಕೂಗಿ ಗಲಾಟೆ ಎಬ್ಬಿಸಲಾರ, ಆದರೂ ಇದ್ದಾನೆ. ಎತ್ತಿಹೋದವನು ಗಲಾಟೆಯನ್ನೂ ಮಾಡುವುದಿಲ್ಲ, ಹೆಣ ಸಾಗಿಸಿ ಬೀದಿ ತೊಳೆಯುವ ಕೆಲಸವನ್ನೂ ಮಾಡುವುದಿಲ್ಲ. ಮುಂದಿನ ಸಂಶೋಧನೆಗಳು ಇದಕ್ಕೆ ಕಾಲದ ಲೆಕ್ಕ ಸೇರಿಸಿದವು. ಮೊದಲ ಗಂಟೆಗಳಲ್ಲಿ ಉರಿ ಹಚ್ಚುವ ಸಂದೇಶ, ಎರಡು-ಮೂರು ದಿನ ಕಳೆದ ಮೇಲೆ ಸತ್ತ ಕೋಶ ನುಂಗಿ, ಉರಿ ತಣಿಸಿ, ಹೊಸ ಕೋಶ ಬೆಳೆಯಲು ಹದ ಮಾಡುವ ಸಂದೇಶ. ಮಜ್ಜೆಯಿಂದ ಬಂದ ಮೋನೋಸೈಟುಗಳೂ ಅಲ್ಲೇ ಭಕ್ಷಕ ಕೋಶಗಳಾಗಿ ಈ ದುರಸ್ತಿಗೆ ಕೈಜೋಡಿಸುತ್ತವೆ.

ಇನ್ನೊಂದು ಪ್ರಸಂಗವನ್ನು ಹೇಳದಿದ್ದರೆ ವಿಜ್ಞಾನಿಗಳ ಬಗ್ಗೆ ನಿಮಗೆ ಅತಿ ಭಕ್ತಿ ಹುಟ್ಟೀತು. ಪ್ಯಾರಾಸಿಟಮಾಲ್ ಹಾನಿಗೆ ಹಂತಕ ಕೋಶಗಳೂ ಕಾರಣ ಎಂದು 2004ರಲ್ಲಿ ಒಂದು ವರದಿ ಬಂತು. 2008ರಲ್ಲಿ ಪೋಲ್ ಅವರ ತಂಡ ತೋರಿಸಿದ್ದು: ಆ ಪರಿಣಾಮ ಕಾಣುವುದು ಮಾತ್ರೆಯನ್ನು ಕರಗಿಸಲು ಡಿಎಂಎಸ್‌ಒ ಎಂಬ ದ್ರಾವಕ ಬಳಸಿದಾಗ ಮಾತ್ರ. ಹಂತಕ ಕೋಶಗಳನ್ನು ಕೆರಳಿಸಿದ್ದು ಆ ದ್ರಾವಕ. ಪಲ್ಯ ಖಾರವಾಯಿತೆಂದು ಮೆಣಸಿನಕಾಯಿಯನ್ನು ಬೈದರೆ, ಖಾರ ಇದ್ದದ್ದು ಹಿಂದಿನ ದಿನ ತೊಳೆಯದೆ ಬಿಟ್ಟ ಬಾಣಲೆಯಲ್ಲಿ!

ಕೆರಳಿದ ಠಾಣೆ

ಈಗ ವೈನಿಯ ಪ್ರಶ್ನೆಗೆ ಹತ್ತಿರ ಬರೋಣ. ಕಾವಲುಗಾರರು ಮೊದಲೇ ಕೆರಳಿ ಕೂತಿದ್ದರೆ ಸಣ್ಣ ವಿಷವೂ ದೊಡ್ಡದಾದೀತೇ?

ಹೆಂಡದ ಉದಾಹರಣೆ ನೋಡಿ. ನಿತ್ಯ ಕುಡಿಯುವವರ ಕರುಳಿನ ಗೋಡೆ ಸೋರತೊಡಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳ ಹೊರಕವಚದ ಚೂರು, ಎಂಡೋಟಾಕ್ಸಿನ್, ಪೋರ್ಟಲ್ ಹೆದ್ದಾರಿಯಲ್ಲಿ ದಂಡುದಂಡಾಗಿ ಬರುತ್ತದೆ. ಕುಪ್ಫರ್ ಕೋಶ ಅದನ್ನು ಹಿಡಿದು ಟಿಎನ್‌ಎಫ್ ಸುರಿಸುತ್ತದೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ರೊನಾಲ್ಡ್ ಥರ್ಮನ್ ಅವರ ತಂಡ 1994ರಲ್ಲಿ ಕುಪ್ಫರ್ ಕೋಶಗಳನ್ನು ಮಂಕಾಗಿಸಿ, ಸತತವಾಗಿ ಮದ್ಯ ಉಣಿಸಿದ ಇಲಿಗಳ ಯಕೃತ್ತನ್ನು ಆರಂಭದ ಹಾನಿಯಿಂದ ಉಳಿಸಿತು. ಮರುವರ್ಷ ಕರುಳಿನ ಬ್ಯಾಕ್ಟೀರಿಯಾಗಳನ್ನು ಆ್ಯಂಟಿಬಯಾಟಿಕ್‌ನಿಂದ ತಗ್ಗಿಸಿದಾಗಲೂ ಅದೇ ಫಲ. ಅಂದರೆ ಕುಡುಕನ ಯಕೃತ್ತನ್ನು ಕೆಡಿಸುವುದರಲ್ಲಿ ಹೆಂಡಕ್ಕೆ ಎಷ್ಟು ಪಾಲೋ, ಹೆಂಡದಿಂದ ಕೆರಳಿದ ಠಾಣೆಗೂ ಪಾಲುಂಟು.

ಹಾಗಾದರೆ ಟಿಎನ್‌ಎಫ್ ತಡೆಯುವ ಔಷಧ ಕೊಟ್ಟರಾಯಿತಲ್ಲ? ಕೊಟ್ಟು ನೋಡಿದರು. ಮದ್ಯದಿಂದ ಯಕೃತ್ತಿನ ಉರಿಯೂತ ಬಂದವರಿಗೆ ಸ್ಟೀರಾಯ್ಡ್ ಜೊತೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಅಂಥ ಔಷಧ ಕೊಟ್ಟ ಫ್ರಾನ್ಸಿನ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು, ಅದರ ವರದಿ 2004ರಲ್ಲಿ ಬಂತು. ಔಷಧ ಪಡೆದವರಲ್ಲಿ ಸೋಂಕು ಹೆಚ್ಚಾಗಿತ್ತು, ಸಾವೂ ಹೆಚ್ಚಿತ್ತು. ಕಾವಲುಗಾರನ ಕೈ ಕಟ್ಟಿದರೆ ನಿಜವಾದ ಕಳ್ಳ ಬಂದಾಗ ತಡೆಯುವವರು ಯಾರು?

ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ರಾತ್ ಮತ್ತು ಪೆಟ್ರೀಷಿಯಾ ಗ್ಯಾನಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಯಕೃತ್ತಿಗೆ ಏನೂ ಮಾಡದಷ್ಟು ಕಡಿಮೆ ವಿಷ, ಏನೂ ಮಾಡದಷ್ಟು ಕಡಿಮೆ ಎಂಡೋಟಾಕ್ಸಿನ್. ಬೇರೆಬೇರೆ ಕೊಟ್ಟರೆ ಇಲಿ ಆರಾಮ; ಎರಡನ್ನೂ ಹೊಂದಿಸಿ ಕೊಟ್ಟರೆ ಯಕೃತ್ತು ಕೆಡುತ್ತದೆ. ಅವರು ಪರೀಕ್ಷಿಸಿದ ವಿಷಗಳಲ್ಲಿ ಒಂದು ಅಫ್ಲಾಟಾಕ್ಸಿನ್, ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳದಲ್ಲಿ ಹುಟ್ಟುವಂಥದ್ದು. ಅಲ್ಲೂ ಹಾನಿಯ ಕೀಲಿಕೈ ಟಿಎನ್‌ಎಫ್ ಎಂದು ಅವರು 2001ರಲ್ಲಿ ತೋರಿಸಿದರು.

ಅಫ್ಲಾಟಾಕ್ಸಿನ್ ಎಂದರೆ ಭಾರತದ ವೈದ್ಯರಿಗೆ 1974 ನೆನಪಾಗುತ್ತದೆ. ಆ ವರ್ಷ ರಾಜಸ್ಥಾನ-ಗುಜರಾತ್ ಗಡಿಯ ಬಾನ್ಸ್‌ವಾಡಾ, ಪಂಚಮಹಲ್ ಭಾಗದ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆಂದ ಮೆಕ್ಕೆಜೋಳ ತಿಂದು ಜನ ಕಾಮಾಲೆ, ಹೊಟ್ಟೆ ಬಾವಿನಿಂದ ಮಲಗಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಜೊತೆಗಾರರು ಹೋಗಿ ಲೆಕ್ಕ ಹಾಕಿದಾಗ 397 ಮಂದಿ ಕಾಯಿಲೆ ಬಿದ್ದಿದ್ದರು, 106 ಮಂದಿ ಸತ್ತಿದ್ದರು. ಅದೇ ಮನೆಯ ಅನ್ನ ತಿಂದ ನಾಯಿಗಳೂ ಸತ್ತಿದ್ದವು. ನನ್ನ ಮನಸ್ಸು ಪ್ರತಿಸಲ ನಿಲ್ಲುವುದು ಉಳಿದವರ ಮೇಲೆ. ಒಂದೇ ಕಣಜದ ಜೋಳ, ಒಂದೇ ಒಲೆಯ ರೊಟ್ಟಿ, ಕೆಲವರು ಎದ್ದರು, ಕೆಲವರು ಏಳಲಿಲ್ಲ.

ವೈನಿಗೆ ನಾನು ಕೊಟ್ಟ ಉತ್ತರ

ಕ್ಷಯದ ಮಾತ್ರೆಯ ಹಾನಿ ಪ್ಯಾರಾಸಿಟಮಾಲ್‌ನಷ್ಟು ನೇರವಲ್ಲ. ಐಸೋನಿಯಾಜಿಡ್ ತೆಗೆದುಕೊಳ್ಳುವ ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಎಸ್‌ಜಿಪಿಟಿ ಒಂದಿಷ್ಟು ಏರುತ್ತದೆ. ಬಹುತೇಕರಲ್ಲಿ ಮಾತ್ರೆ ಮುಂದುವರಿಸುತ್ತಿದ್ದಂತೆಯೇ ತಾನಾಗಿ ಇಳಿಯುತ್ತದೆ. ಯಕೃತ್ತಿನ ತಾಳ್ಮೆಯ ಗುಣ ಅಲ್ಲಿ ಗೆದ್ದಿತು. ಕೆಲವರಲ್ಲಿ ಅದು ಸೋಲುತ್ತದೆ. ಔಷಧ ಒಡೆದು ಹುಟ್ಟಿದ ತುಣುಕು ಯಕೃತ್ತಿನ ಪ್ರೋಟೀನಿಗೆ ಅಂಟಿದಾಗ, ಸ್ವಂತ ಪ್ರೋಟೀನೇ ವೇಷ ಬದಲಿಸಿದಂತೆ ಕಾಣುತ್ತದೆ. ಟಿ-ಕೋಶಗಳು ಅದನ್ನು ಪರಕೀಯ ಎಂದು ಗುರುತಿಸಿ ಮೇಲೆ ಬೀಳಬಹುದು. ನಾನು ವಿದ್ಯಾರ್ಥಿಯಾಗಿದ್ದಾಗ ಆಪರೇಷನ್ ಥಿಯೇಟರಿನಲ್ಲಿ ಹ್ಯಾಲೋಥೇನ್ ಅರಿವಳಿಕೆಯ ಸಿಹಿವಾಸನೆ ಇರುತ್ತಿತ್ತು. ಮೊದಲ ಸಲ ಏನೂ ಆಗದವರಿಗೆ ಎರಡನೆಯ ಸಲ ಅದೇ ಅರಿವಳಿಕೆಯಿಂದ, ತೀರ ಅಪರೂಪಕ್ಕೆ, ಮಾರಕ ಕಾಮಾಲೆ ಬರುತ್ತಿದ್ದದ್ದು ಹೀಗೆಯೇ. ಮೊದಲ ಭೇಟಿಯ ನೆನಪನ್ನು ನಿರೋಧಕ ವ್ಯವಸ್ಥೆ ಇಟ್ಟುಕೊಂಡಿರುತ್ತಿತ್ತು.

ಹುಟ್ಟಿನಿಂದ ಬಂದ ಗುಣಕ್ಕೂ ಇಲ್ಲಿ ಪಾತ್ರವಿದೆ. ಫ್ಲುಕ್ಲಾಕ್ಸಸಿಲಿನ್ ಎಂಬ ಆ್ಯಂಟಿಬಯಾಟಿಕ್‌ನಿಂದ ಯಕೃತ್ತು ಕೆಡುವ ಸಾಧ್ಯತೆ ಒಂದು ನಿರ್ದಿಷ್ಟ ಎಚ್‌ಎಲ್‌ಎ ಜೀನ್ ಬಗೆ ಇದ್ದವರಲ್ಲಿ ಸುಮಾರು ಎಂಬತ್ತು ಪಟ್ಟು ಹೆಚ್ಚೆಂದು 2009ರಲ್ಲಿ ತಿಳಿಯಿತು. ಹಾಗೆಂದು ಆ ಜೀನ್ ಇದ್ದವರೆಲ್ಲರಿಗೂ ಆಗುವುದಿಲ್ಲ, ಐನೂರು-ಸಾವಿರಕ್ಕೊಬ್ಬರಿಗೆ ಅಷ್ಟೇ. ಜೀನ್, ಪೋಷಣೆ, ವಯಸ್ಸು, ಜೊತೆಗಿರುವ ಹೆಪಟೈಟಿಸ್ ಸೋಂಕು, ಕುಡಿತ, ಕರುಳಿನ ಸ್ಥಿತಿ, ಇವೆಲ್ಲ ಸೇರಿ ಠಾಣೆಯ ಮನಸ್ಥಿತಿಯನ್ನು ತೀರ್ಮಾನಿಸುತ್ತವೆ.

“ಗುಳಿಗಿ ಒಂದ ಇತ್ತು ವೈನಿ, ಅದನ್ನ ಎದುರುಗೊಂಡ ಲಿವರ್ ಎರಡು ಇದ್ದುವು” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ತಪ್ಪು ಗುಳಿಗೀದೂ ಅಲ್ಲ, ನಂದೂ ಅಲ್ಲ” ಅಂದರು. ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಿಲ್ಲ. ಆದರೆ ಒಂದು ತಪ್ಪು ಅಲ್ಲಿತ್ತು, ಹೊಟ್ಟೆ ತೊಳಸಿದರೂ ಮಾತ್ರೆ ನುಂಗಿಸಿದ ಆ ಹತ್ತು ದಿನಗಳದ್ದು. ಅದು ಮಾತ್ರೆಯದಲ್ಲ, ಮನುಷ್ಯರದು.

ಅದು ಸಣ್ಣ ತಪ್ಪಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಹರ್ಷದ್ ದೇವರಭಾವಿ ಮತ್ತು ಸಂಗಡಿಗರು ಔಷಧದಿಂದ ಯಕೃತ್ತು ಕೆಟ್ಟ 313 ರೋಗಿಗಳ ವಿವರವನ್ನು 2010ರಲ್ಲಿ ಪ್ರಕಟಿಸಿದರು. ನೂರಕ್ಕೆ 58 ಮಂದಿಯಲ್ಲಿ ಕಾರಣ ಕ್ಷಯದ ಔಷಧಗಳು. ಒಟ್ಟು ರೋಗಿಗಳಲ್ಲಿ ನೂರಕ್ಕೆ 17 ಮಂದಿ ಉಳಿಯಲಿಲ್ಲ. ಈ ಅಂಕಿ ಓದಿ ಕ್ಷಯದ ಮಾತ್ರೆಗೆ ಹೆದರಿ ಬಿಡುವವರಿದ್ದರೆ ಅದು ಇನ್ನೂ ದೊಡ್ಡ ಅನಾಹುತ. ಕ್ಷಯಕ್ಕೆ ಆ ಔಷಧಗಳೇ ಗತಿ, ಬಹುಪಾಲು ಜನ ಅಣ್ಣನ ಹಾಗೆ ಏನೂ ಆಗದೆ ಗುಣವಾಗುತ್ತಾರೆ. ಬೇಕಾದದ್ದು ಎಚ್ಚರ ಮಾತ್ರ.

ಹಾಗಾಗಿ ಓದುಗರಲ್ಲಿ ಕೆಲವು ಮಾತು. ಕ್ಷಯದ ಅಥವಾ ಮೂರ್ಛೆರೋಗದ ಔಷಧ ಶುರುವಾದ ಮೊದಲ ಎರಡು-ಮೂರು ತಿಂಗಳು ಹಸಿವು ಪೂರ್ತಿ ಸತ್ತರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಕಟ್ಟಾ ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ವೈದ್ಯರಿಗೆ ತೋರಿಸಿ ಲಿವರ್ ಪರೀಕ್ಷೆ ಮಾಡಿಸಿ. ಜ್ವರದ ಮಾತ್ರೆ ನುಂಗುವಾಗ ನೆಗಡಿಯ ಮಾತ್ರೆಯ ಹಾಳೆಯ ಹಿಂಬದಿಯನ್ನೂ ಓದಿ, ಅದರಲ್ಲೂ ಪ್ಯಾರಾಸಿಟಮಾಲ್ ಇರುವುದುಂಟು. ಅಳತೆ ಮೀರಿ ನುಂಗಿದ್ದು ಗೊತ್ತಾದರೆ, ಆರಾಮಿದ್ದೇನೆ ಅನಿಸಿದರೂ ಎಂಟು ಗಂಟೆಯೊಳಗೆ ಆಸ್ಪತ್ರೆ ಸೇರಿ. ನಿತ್ಯ ಕುಡಿಯುವವರು ಯಾವ ಮಾತ್ರೆಗೂ ಮುಂಚೆ ಆ ವಿಷಯವನ್ನು ವೈದ್ಯರಿಗೆ ನಾಚದೆ ಹೇಳಿ. ಬೂಷ್ಟು ಹಿಡಿದ ಶೇಂಗಾ, ಜೋಳವನ್ನು ತೊಳೆದು ಒಣಗಿಸಿ ಬಳಸಬೇಡಿ, ದನಕ್ಕೂ ಹಾಕಬೇಡಿ.

ಕಣ್ಣು ಹಳದಿಯಾಗುವವರೆಗೆ ಮಾತ್ರ ಕಾಯಬೇಡಿ. ಕಣ್ಣಿಗೆ ಹಳದಿ ಬರುವ ಹೊತ್ತಿಗೆ ಒಳಗಿನ ಓಣಿಗಳಲ್ಲಿ ಗಂಟೆ ಬಾರಿಸಿ ದಿನಗಳೇ ಕಳೆದಿರುತ್ತವೆ.